ಹೊಕ್ಕುಳಬಳ್ಳಿ ರಕ್ತದಾನ: ಗರ್ಭಿಣಿಗೆ ಹೆರಿಗೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಬಳ್ಳಿಯಲ್ಲೂ ಮಾಸಿನಲ್ಲೂ ಸ್ವಲ್ಪ ರಕ್ತ ಉಳಿದಿರುತ್ತದೆ. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಅದು ಮಾಸಿನ ಜೊತೆಗೇ ತ್ಯಾಜ್ಯಕ್ಕೆ ಸೇರುತ್ತದೆ. ಅದನ್ನೇ ಸಂಗ್ರಹಿಸಿ, ಪರೀಕ್ಷಿಸಿ, ಅತಿ ಶೀತದಲ್ಲಿ ಕಾಪಾಡಿದರೆ ರಕ್ತ ಕ್ಯಾನ್ಸರ್, ಥಲಸ್ಸೇಮಿಯಾ ಮುಂತಾದ ಕಾಯಿಲೆಯವರಿಗೆ ಅಸ್ಥಿಮಜ್ಜೆಯ ಬದಲಿಗೆ ಕಸಿ ಮಾಡಬಹುದು. ಹೊಂದಿಕೆಯಾಗುವ ಯಾವ ರೋಗಿಗಾದರೂ ಸಿಗಲಿ ಎಂದು ಈ ರಕ್ತವನ್ನು ಸಾರ್ವಜನಿಕ ಬ್ಯಾಂಕಿಗೆ ಉಚಿತವಾಗಿ ಕೊಡುವುದನ್ನು ಹೊಕ್ಕುಳಬಳ್ಳಿ ರಕ್ತದಾನ ಎನ್ನುತ್ತಾರೆ.

ಆದರೆ ನಮ್ಮ ಮನೆಗಳಿಗೆ ಈ ವಿಷಯ ಬರುವುದು ಹೆಚ್ಚಾಗಿ ಬೇರೆ ದಾರಿಯಲ್ಲಿ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದು ಬಣ್ಣದ ಕರಪತ್ರ ಕೈಗೆ ಸಿಗುತ್ತದೆ, ಇಲ್ಲವೇ ಏಳನೇ ತಿಂಗಳಲ್ಲಿ ಒಂದು ಫೋನ್ ಕರೆ ಬರುತ್ತದೆ. ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಹಣ ಕೊಟ್ಟು ಕೂಡಿಡಿ, ಮುಂದೆ ಯಾವ ಕಾಯಿಲೆ ಬಂದರೂ ಅದೇ ಕಾಪಾಡುತ್ತದೆ ಎಂಬ ಭರವಸೆ ಅದರಲ್ಲಿರುತ್ತದೆ. ಅದು ದಾನವಲ್ಲ, ಖಾಸಗಿ ಠೇವಣಿ. ಎರಡಕ್ಕೂ ಒಂದೇ ರಕ್ತ, ಒಂದೇ ಬಗೆಯ ಚೀಲ, ಒಂದೇ ಸೂಜಿ. ಉದ್ದೇಶ, ಖರ್ಚು, ಹಕ್ಕು ಮಾತ್ರ ಪೂರ್ತಿ ಬೇರೆ. ಗರ್ಭಿಣಿಗೆ ಮೊದಲು ತಿಳಿಸಬೇಕಾದದ್ದು ಈ ವ್ಯತ್ಯಾಸವನ್ನೇ.

ಈ ರಕ್ತದಲ್ಲಿ ಏನಿದೆ

ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮೂರನ್ನೂ ಹುಟ್ಟಿಸುವ ಮೂಲ ಕೋಶಗಳಿಗೆ ರಕ್ತದ ಆಕರ ಕೋಶಗಳು, ಅಂದರೆ ಸ್ಟೆಮ್ ಸೆಲ್, ಎನ್ನುತ್ತಾರೆ. ದೊಡ್ಡವರಲ್ಲಿ ಇವು ಮುಖ್ಯವಾಗಿ ಅಸ್ಥಿಮಜ್ಜೆಯಲ್ಲಿ ಇರುತ್ತವೆ. ಹುಟ್ಟುವ ಹೊತ್ತಿನಲ್ಲಿ ಮಗುವಿನ ರಕ್ತದಲ್ಲೇ ಇವು ಸಾಕಷ್ಟು ಓಡಾಡುತ್ತಿರುತ್ತವೆ. ರೋಗಿಯ ಕೆಟ್ಟ ಮಜ್ಜೆಯನ್ನು ಔಷಧ ಅಥವಾ ವಿಕಿರಣದಿಂದ ಬರಿದು ಮಾಡಿ, ಆರೋಗ್ಯವಂತ ಆಕರ ಕೋಶಗಳನ್ನು ರಕ್ತ ಏರಿಸುವಂತೆಯೇ ನರದ ಮೂಲಕ ಕೊಟ್ಟರೆ, ಅವು ಮೂಳೆಯೊಳಗೆ ನೆಲೆಯೂರಿ ಹೊಸ ರಕ್ತ ತಯಾರಿಸುತ್ತವೆ.

ಹೊಕ್ಕುಳಬಳ್ಳಿ ರಕ್ತದಿಂದ ಇಂಥ ಮೊದಲ ಕಸಿ ನಡೆದದ್ದು 1988ರಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ಕಾಯಿಲೆಯಿದ್ದ ಅಮೆರಿಕದ ಒಬ್ಬ ಬಾಲಕನಿಗೆ, ಆಗಷ್ಟೇ ಹುಟ್ಟಿದ್ದ ತಂಗಿಯ ಬಳ್ಳಿಯ ರಕ್ತವನ್ನು ಡಾ. ಎಲಿಯಾನ್ ಗ್ಲಕ್‌ಮನ್ ಅವರ ತಂಡ ಕೊಟ್ಟಿತು. ರಕ್ತವನ್ನು ಅಮೆರಿಕದಲ್ಲಿ ಸಂಗ್ರಹಿಸಿ, ಹೆಪ್ಪುಗಟ್ಟಿಸಿ, ಪ್ಯಾರಿಸ್‌ಗೆ ಒಯ್ಯಲಾಗಿತ್ತು. ಬಾಲಕ ಗುಣಮುಖನಾದ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಬ್ಲಡ್ ಸೆಂಟರ್ ಮೊದಲ ಸಾರ್ವಜನಿಕ ಬ್ಯಾಂಕ್ ಆರಂಭಿಸಿತು. 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಸಂಬಂಧಿಕರಲ್ಲದ ದಾನಿಯ ಹೊಕ್ಕುಳಬಳ್ಳಿ ರಕ್ತದ ಕಸಿ ನಡೆಯಿತು. ಅಲ್ಲಿಂದೀಚೆಗೆ ಜಗತ್ತಿನಲ್ಲಿ 40 ಸಾವಿರಕ್ಕೂ ಹೆಚ್ಚು ಇಂಥ ಕಸಿಗಳಾಗಿವೆ.

ಅಸ್ಥಿಮಜ್ಜೆಗಿಂತ ಇದರಲ್ಲಿ ಒಂದು ಅನುಕೂಲವಿದೆ. ಕಸಿ ಒಗ್ಗಬೇಕಾದರೆ ದಾನಿ ಮತ್ತು ರೋಗಿಯ ಎಚ್‌ಎಲ್‌ಎ ಎಂಬ ಅಂಗಾಂಶ ಗುರುತುಗಳು ಹೊಂದಬೇಕು. ದೊಡ್ಡ ದಾನಿಯ ಮಜ್ಜೆಯಾದರೆ ಹೊಂದಿಕೆ ಬಹಳ ನಿಖರವಾಗಿರಬೇಕಾಗುತ್ತದೆ. ಹಸುಗೂಸಿನ ರಕ್ತದ ಕೋಶಗಳು ಇನ್ನೂ ಎಳೆಯವಾದ್ದರಿಂದ ಸ್ವಲ್ಪ ಹೆಚ್ಚುಕಮ್ಮಿಯಿದ್ದರೂ ನಡೆಯುತ್ತದೆ. ಮೊದಲೇ ಪರೀಕ್ಷಿಸಿ ಇಟ್ಟಿರುವುದರಿಂದ ದಾನಿಯನ್ನು ಹುಡುಕಿ ಒಪ್ಪಿಸುವ ಕಾಲವೂ ಉಳಿಯುತ್ತದೆ. ಅನನುಕೂಲವೂ ಉಂಟು. ಒಂದು ಬಳ್ಳಿಯಲ್ಲಿ ಸಿಗುವ ಕೋಶಗಳು ಕಡಿಮೆ. ಮಗುವಿಗೆ ಸಾಕಾಗುವಷ್ಟು ಇದ್ದರೂ ದೊಡ್ಡ ಮೈಯ ರೋಗಿಗೆ ಸಾಲದೆ ಹೋಗಬಹುದು, ಹೊಸ ರಕ್ತ ಹುಟ್ಟಲು ದಿನಗಳೂ ಹೆಚ್ಚು ಬೇಕು. ಇತ್ತೀಚೆಗೆ ಅರ್ಧ ಹೊಂದಿಕೆಯಿರುವ ತಂದೆ, ತಾಯಿ ಅಥವಾ ಒಡಹುಟ್ಟಿದವರಿಂದಲೇ ಕಸಿ ಮಾಡುವ ವಿಧಾನ ಸುಧಾರಿಸಿದೆ. ಹೀಗಾಗಿ ಹೊಕ್ಕುಳಬಳ್ಳಿ ರಕ್ತದ ಬಳಕೆ ಹಲವೆಡೆ ಇಳಿದಿದೆ. ಕರಪತ್ರಗಳಲ್ಲಿ ಈ ಮಾತು ಸಾಮಾನ್ಯವಾಗಿ ಕಾಣುವುದಿಲ್ಲ.

ಸಂಗ್ರಹಿಸುವ ಬಗೆ, ಮತ್ತು ಮೊದಲು ಮಗುವಿನ ಪಾಲು

ತಾಯಿಗಾಗಲಿ ಮಗುವಿಗಾಗಲಿ ಇದಕ್ಕಾಗಿ ಸೂಜಿ ಚುಚ್ಚುವುದಿಲ್ಲ. ಮಗು ಹೊರಬಂದು, ಬಳ್ಳಿಗೆ ಕ್ಲಾಂಪ್ ಹಾಕಿ ಕತ್ತರಿಸಿ, ಮಗುವನ್ನು ತಾಯಿಯ ಎದೆಗೋ ದಾದಿಯ ಕೈಗೋ ಕೊಟ್ಟ ಮೇಲೆ, ಮಾಸಿನ ಕಡೆ ಉಳಿದ ಬಳ್ಳಿಯ ರಕ್ತನಾಳಕ್ಕೆ ಸೂಜಿ ಹಾಕುತ್ತಾರೆ. ರಕ್ತ ತನ್ನಷ್ಟಕ್ಕೆ ಇಳಿದು, ಹೆಪ್ಪುಗಟ್ಟದಂತೆ ಔಷಧವಿರುವ ಚೀಲದಲ್ಲಿ ತುಂಬುತ್ತದೆ. ಕೆಲವೇ ನಿಮಿಷದ ಕೆಲಸ. ಸಹಜ ಹೆರಿಗೆಯಲ್ಲೂ ಸಿಸೇರಿಯನ್‌ನಲ್ಲೂ ಮಾಡಬಹುದು. ಸಿಗುವುದು ಸುಮಾರು 50ರಿಂದ 150 ಮಿಲಿಲೀಟರ್. ಸಾಮಾನ್ಯವಾಗಿ 48 ಗಂಟೆಯೊಳಗೆ ಅದು ಬ್ಯಾಂಕ್ ತಲುಪಿ ಸಂಸ್ಕರಣೆಯಾಗಬೇಕು. ಆಮೇಲೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದ ತೊಟ್ಟಿಯಲ್ಲಿ ಇಡುತ್ತಾರೆ. 20 ವರ್ಷಕ್ಕೂ ಮೀರಿ ಹೀಗಿಟ್ಟ ಕೋಶಗಳು ಪ್ರಯೋಗಾಲಯದಲ್ಲಿ ಇನ್ನೂ ಜೀವಂತವಾಗಿದ್ದುದು ಕಂಡುಬಂದಿದೆ.

ಇಲ್ಲಿ ಗರ್ಭಿಣಿಗೆ ಸ್ಪಷ್ಟವಾಗಿ ಹೇಳಲೇಬೇಕಾದ ಒಂದು ಮಾತಿದೆ. ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸಬಾರದು, ಕನಿಷ್ಠ ಒಂದು ನಿಮಿಷ ಕಾಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಹೊತ್ತಿನಲ್ಲಿ ಮಾಸಿನಲ್ಲಿರುವ ರಕ್ತದ ಒಂದು ಭಾಗ ಮಗುವಿನ ಮೈಗೆ ಹರಿಯುತ್ತದೆ. ಅದರೊಂದಿಗೆ ಹೋಗುವ ಕಬ್ಬಿಣಾಂಶ ಮಗುವಿಗೆ ಮುಂದಿನ ಹಲವು ತಿಂಗಳ ಬುತ್ತಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥ ನಾಡಿನಲ್ಲಿ ಈ ಒಂದು ನಿಮಿಷ ಸಣ್ಣದಲ್ಲ. ಅವಧಿಗೆ ಮುನ್ನ ಹುಟ್ಟುವ ಮಗುವಿಗಂತೂ ಇದರ ಬೆಲೆ ಇನ್ನೂ ಹೆಚ್ಚು.

ಕಾಯ್ದಷ್ಟೂ ಚೀಲಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಹೆಚ್ಚು ರಕ್ತ ಬೇಕಾದವರಿಗೆ ಬೇಗ ಕತ್ತರಿಸುವುದೇ ಲಾಭ. ಈ ಎರಡು ಹಿತಗಳು ಎದುರಾದಾಗ ಮಗುವಿನದೇ ಮೊದಲು. ಬಳ್ಳಿ ಕತ್ತರಿಸುವ ಸಮಯವನ್ನು ಸಂಗ್ರಹಕ್ಕಾಗಿ ಬದಲಾಯಿಸಬಾರದು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ನಿಲುವು ಕೂಡ. ದಾನವಾಗಲಿ ಠೇವಣಿಯಾಗಲಿ, ‘ಮಗುವಿಗೆ ಸಲ್ಲಬೇಕಾದ್ದು ಸಂದ ಮೇಲೆ ಉಳಿದದ್ದನ್ನು ಮಾತ್ರ ತೆಗೆಯಿರಿ’ ಎಂದು ವೈದ್ಯರಿಗೆ ಮೊದಲೇ ಹೇಳಿ, ತಾಯಿ ಕಾರ್ಡಿನಲ್ಲೋ ಆಸ್ಪತ್ರೆಯ ಫೈಲಿನಲ್ಲೋ ಬರೆಸಿಕೊಳ್ಳುವುದು ಒಳ್ಳೆಯದು. ಹೆರಿಗೆಯಲ್ಲಿ ತೊಡಕು ಬಂದರೆ ಸಂಗ್ರಹವನ್ನು ಕೈಬಿಡುತ್ತಾರೆ, ಬಿಡಲೇಬೇಕು.

ದಾನ ಬೇರೆ, ಠೇವಣಿ ಬೇರೆ

ಸಾರ್ವಜನಿಕ ಬ್ಯಾಂಕಿಗೆ ಕೊಟ್ಟರೆ ಕುಟುಂಬಕ್ಕೆ ಖರ್ಚಿಲ್ಲ, ಪ್ರತಿಫಲವೂ ಇಲ್ಲ. ಕೊಟ್ಟ ಮೇಲೆ ಅದರ ಮೇಲೆ ಹಕ್ಕು ಉಳಿಯುವುದಿಲ್ಲ. ಹೆಸರು ಗೋಪ್ಯವಾಗಿರುತ್ತದೆ. ಪಡೆದವರು ಯಾರೆಂದು ದಾನಿಗೆ, ಕೊಟ್ಟವರು ಯಾರೆಂದು ರೋಗಿಗೆ ತಿಳಿಯದು. ತಾಯಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಮುಂತಾದವುಗಳಿಗೆ ಪರೀಕ್ಷಿಸುತ್ತಾರೆ, ಕುಟುಂಬದ ಕಾಯಿಲೆಗಳ ವಿವರ ಕೇಳುತ್ತಾರೆ. ಕೊಟ್ಟದ್ದೆಲ್ಲ ಬ್ಯಾಂಕಿನಲ್ಲಿ ಉಳಿಯುತ್ತದೆ ಎಂದೂ ತಿಳಿಯಬಾರದು. ಕೋಶಗಳ ಸಂಖ್ಯೆ ಸಾಲದೆ ಅರ್ಧಕ್ಕಿಂತ ಹೆಚ್ಚು ಸಂಗ್ರಹಗಳು ತಿರಸ್ಕಾರವಾಗುವುದು ಎಲ್ಲೆಡೆ ಸಾಮಾನ್ಯ. ಅಂಥ ರಕ್ತ ಒಪ್ಪಿಗೆಯಿದ್ದರೆ ಸಂಶೋಧನೆಗೆ ಹೋಗುತ್ತದೆ, ಇಲ್ಲದಿದ್ದರೆ ವಿಲೇವಾರಿಯಾಗುತ್ತದೆ.

ಖಾಸಗಿ ಬ್ಯಾಂಕಿನಲ್ಲಿ ಹಣ ಕೊಟ್ಟು ಇಡುವ ರಕ್ತ ಆ ಮಗುವಿಗೆ ಅಥವಾ ಕುಟುಂಬಕ್ಕೆ ಮೀಸಲು. ಖರ್ಚು ಹತ್ತಾರು ಸಾವಿರ ರೂಪಾಯಿಯಿಂದ ಲಕ್ಷದಾಚೆಗೂ ಹೋಗುತ್ತದೆ, ಕಂತಿನ ಯೋಜನೆಗಳೂ ಇವೆ. ಇದನ್ನು ‘ಜೈವಿಕ ವಿಮೆ’ ಎಂದು ಮಾರುತ್ತಾರೆ. ವಿಮೆ ಎನ್ನುವುದಾದರೆ ಅದು ಯಾವ ಅಪಾಯಕ್ಕೆ, ಎಷ್ಟು ಸಂಭವಕ್ಕೆ ಎಂದು ಕೇಳಬೇಕು. ಹೀಗೆ ಇಟ್ಟ ಸ್ವಂತ ರಕ್ತ ಮೊದಲ 20 ವರ್ಷದಲ್ಲಿ ಅದೇ ಮಗುವಿಗೆ ಬೇಕಾಗುವ ಸಾಧ್ಯತೆ 2,500ಕ್ಕೆ 1ರಿಂದ 2 ಲಕ್ಷಕ್ಕೆ 1 ಎಂದು ವೈದ್ಯಕೀಯ ಸಂಸ್ಥೆಗಳು ಅಂದಾಜಿಸಿವೆ.

ಸಂಭವ ಇಷ್ಟು ಕಡಿಮೆಯಾಗಲು ಸರಳ ಕಾರಣವಿದೆ. ಥಲಸ್ಸೇಮಿಯಾದಂಥ ಆನುವಂಶಿಕ ಕಾಯಿಲೆ ಮಗುವಿಗೆ ಇದ್ದರೆ ಅದರ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತದೆ. ಅದನ್ನೇ ಮರಳಿ ಕೊಟ್ಟರೆ ಕಾಯಿಲೆಯೇ ಮರಳಿ ಬರುತ್ತದೆ. ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಹಲವು ಬಾರಿ ಮೊದಲ ಬದಲಾವಣೆ ಹುಟ್ಟುವ ಮುನ್ನವೇ ಆಗಿರುತ್ತದೆ, ಹಾಗಾಗಿ ಅಲ್ಲೂ ಸ್ವಂತ ರಕ್ತವನ್ನು ವೈದ್ಯರು ಬಳಸಲು ಬಯಸುವುದಿಲ್ಲ. ಬೇರೆಯವರ ಆರೋಗ್ಯವಂತ ರಕ್ತವೇ ಬೇಕು. ಅದಕ್ಕೇ ಬೇಕಾದದ್ದು ದಾನ.

ಮಧುಮೇಹ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಯ ಪೆಟ್ಟು ಎಂದು 70–80 ಕಾಯಿಲೆಗಳ ಪಟ್ಟಿ ತೋರಿಸುವುದುಂಟು. ಪಟ್ಟಿಯಲ್ಲಿ ಸಾಬೀತಾದವು ರಕ್ತ, ರೋಗನಿರೋಧಕ ಶಕ್ತಿ ಮತ್ತು ಕೆಲವು ಚಯಾಪಚಯ ದೋಷಗಳಿಗೆ ಸೇರಿದವು, ಅವುಗಳಲ್ಲೂ ಬಹುಪಾಲಿಗೆ ಬೇಕಾಗುವುದು ಇನ್ನೊಬ್ಬರ ರಕ್ತ. ಉಳಿದವು ಇನ್ನೂ ಪ್ರಯೋಗದ ಹಂತದಲ್ಲಿವೆ.

ಈ ಕಾರಣಗಳಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಕುಟುಂಬದಲ್ಲಿ ಈಗಾಗಲೇ ಅಗತ್ಯವಿಲ್ಲದಿದ್ದರೆ ಖಾಸಗಿ ಠೇವಣಿಯನ್ನು ಶಿಫಾರಸು ಮಾಡುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2018ರ ತನ್ನ ಹೇಳಿಕೆಯಲ್ಲಿ ಇದನ್ನು ವಿಮೆಯಂತೆ ಕಾಣಬಾರದು ಎಂದಿತು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಕೂಡ 2017ರಲ್ಲಿ ಖಾಸಗಿಗಿಂತ ಸಾರ್ವಜನಿಕ ಬ್ಯಾಂಕಿಗೇ ಒಲವು ತೋರಿತು. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ ನಮ್ಮ ದೇಶದಲ್ಲಿ ಬ್ಯಾಂಕಿಂಗ್‌ಗೆ ಅನುಮತಿಯಿರುವುದು ಹೊಕ್ಕುಳಬಳ್ಳಿಯ ರಕ್ತಕ್ಕೆ ಮಾತ್ರ. ಬಳ್ಳಿಯ ತುಂಡು, ಮಾಸು, ಹಲ್ಲಿನ ತಿರುಳು, ಮುಟ್ಟಿನ ರಕ್ತ ಇವನ್ನು ವಾಣಿಜ್ಯವಾಗಿ ಕೂಡಿಡಲು ಅದು ಒಪ್ಪಿಲ್ಲ. ಯಾರಾದರೂ ‘ರಕ್ತದ ಜೊತೆ ಬಳ್ಳಿಯನ್ನೂ ಇಡುವ ಪ್ಯಾಕೇಜ್’ ಎಂದರೆ ಇದನ್ನು ನೆನೆಯಬೇಕು.

ಈಚೆಗೆ ‘ಸಮುದಾಯ ಬ್ಯಾಂಕ್’ ಎಂಬ ಮೂರನೆಯ ಬಗೆ ಬಂದಿದೆ. ಇಲ್ಲಿ ಸಮುದಾಯ ಎಂದರೆ ಜೈನ ಸಮಾಜ ಎಂದೋ ಯಾವುದೇ ಜಾತಿ ಎಂದೋ ಅಲ್ಲ. ಹಣ ಕೊಟ್ಟು ಇಟ್ಟ ಎಲ್ಲ ಸದಸ್ಯರ ರಕ್ತ ಒಂದು ಸಾಮೂಹಿಕ ನಿಧಿಯಾಗಿ, ಅಗತ್ಯ ಬಿದ್ದ ಸದಸ್ಯ ಅದರಿಂದ ಹೊಂದುವುದನ್ನು ಪಡೆಯುವ ವ್ಯವಸ್ಥೆ ಅದು. ಸ್ವಂತಕ್ಕೆ ಮಾತ್ರ ಇಡುವುದಕ್ಕಿಂತ ಇದರಲ್ಲಿ ತರ್ಕವಿದೆ. ಆದರೂ ಸದಸ್ಯರಲ್ಲದ ಬಡ ರೋಗಿಗೆ ಅದು ತೆರೆದಿಲ್ಲವಾದರೆ ದಾನ ಎಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ.

ಠೇವಣಿಯ ಭದ್ರತೆಯೂ ಬ್ಯಾಂಕಿನ ಭದ್ರತೆಯಷ್ಟೇ. ಸಿಂಗಪುರದಲ್ಲಿ 2023ರಲ್ಲಿ ಒಂದು ಖಾಸಗಿ ಬ್ಯಾಂಕಿನ ಕೆಲವು ತೊಟ್ಟಿಗಳ ಶೀತ ಕೆಟ್ಟು, ಸುಮಾರು 2,200 ಗ್ರಾಹಕರ ರಕ್ತ ಹಾಳಾಯಿತೆಂದು ಅಲ್ಲಿನ ಆರೋಗ್ಯ ಸಚಿವಾಲಯ ಪ್ರಕಟಿಸಿತು. ಇಪ್ಪತ್ತು ವರ್ಷ, ಎಪ್ಪತ್ತೈದು ವರ್ಷದ ಕರಾರಿಗೆ ಸಹಿ ಹಾಕುವವರು ಆ ಕಂಪನಿ ಅಷ್ಟು ಕಾಲ ಉಳಿಯದಿದ್ದರೆ ರಕ್ತದ ಗತಿ ಏನು ಎಂಬ ಕಲಮನ್ನು ಕರಾರಿನಲ್ಲಿ ಹುಡುಕಬೇಕು.

ಮನೆಯಲ್ಲಿ ಕಾಯಿಲೆಯ ಮಗುವಿದ್ದರೆ

ಮೇಲಿನ ಎಚ್ಚರಿಕೆಯೆಲ್ಲ ಒಂದು ಸಂದರ್ಭಕ್ಕೆ ಅನ್ವಯಿಸುವುದಿಲ್ಲ. ಮೊದಲ ಮಗುವಿಗೆ ಥಲಸ್ಸೇಮಿಯಾ ಮೇಜರ್ ಅಥವಾ ರಕ್ತ ಕ್ಯಾನ್ಸರ್ ಇದ್ದು, ತಾಯಿ ಮತ್ತೆ ಗರ್ಭಿಣಿಯಾದರೆ, ಹುಟ್ಟುವ ಮಗುವಿನ ಬಳ್ಳಿಯ ರಕ್ತವನ್ನು ಖಂಡಿತ ಉಳಿಸಬೇಕು. ಇದಕ್ಕೆ ನಿರ್ದೇಶಿತ ಸಂಗ್ರಹ ಎನ್ನಬಹುದು. ಐಸಿಎಂಆರ್ ಒಪ್ಪುವ ಕುಟುಂಬ ಸಂಗ್ರಹವೂ ಇದೇ. ಐದಾರು ತಿಂಗಳಿರುವಾಗಲೇ ಮಗುವಿಗೆ ಚಿಕಿತ್ಸೆ ನೀಡುತ್ತಿರುವ ರಕ್ತರೋಗ ತಜ್ಞರಿಗೂ ಪ್ರಸೂತಿ ವೈದ್ಯರಿಗೂ ಪರಸ್ಪರ ಮಾತಾಡಿಸುವುದು ಕುಟುಂಬದ ಮೊದಲ ಕೆಲಸ.

ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ವಾಹಕರಾದರೆ, ಹುಟ್ಟುವ ಮಗುವಿಗೂ ಅದೇ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು, ಬಾರದಿರುವ ಸಂಭವ ಮೂರು. ಎರಡೂ ಸೇರಿ, ಕಾಯಿಲೆಯಿಲ್ಲದ ಮತ್ತು ಅಣ್ಣನಿಗೋ ಅಕ್ಕನಿಗೋ ಹೊಂದುವ ಮಗು ಹುಟ್ಟುವ ಸಂಭವ 16ರಲ್ಲಿ 3. ಗರ್ಭದಲ್ಲೇ ಕಾಯಿಲೆಯನ್ನು ಪತ್ತೆಮಾಡುವ ಪರೀಕ್ಷೆ ಮೊದಲ ಮೂರು ತಿಂಗಳ ಕೊನೆಯ ಹೊತ್ತಿಗೆ ಸಾಧ್ಯವಿದೆ. ಬಳ್ಳಿಯ ರಕ್ತ ಯಾವುದೋ ಕಾರಣಕ್ಕೆ ಸಿಗದೆ ಹೋದರೂ ದಾರಿ ಮುಚ್ಚುವುದಿಲ್ಲ. ಹೊಂದುವ ಮಗು ಸ್ವಲ್ಪ ದೊಡ್ಡದಾದ ಮೇಲೆ ಅದರ ಅಸ್ಥಿಮಜ್ಜೆಯಿಂದ ಕಸಿ ಮಾಡಬಹುದು.

ಇದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಮಾಡಬೇಕಾದ ಕೆಲಸವಿದೆ. ಮದುವೆಗೆ ಮುನ್ನ, ಆಗದಿದ್ದರೆ ಬಸಿರಾದ ಮೊದಲ ವಾರಗಳಲ್ಲೇ, ಎಚ್‌ಬಿಎ2 ಎಂಬ ರಕ್ತ ಪರೀಕ್ಷೆ ಮಾಡಿಸುವುದು. ವಾಹಕರಿಗೆ ಯಾವ ತೊಂದರೆಯೂ ಕಾಣದು, ಹಾಗಾಗಿ ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ. ಸಿಂಧ್, ಪಂಜಾಬ್, ಗುಜರಾತ್ ಮೂಲದ ಕೆಲವು ಕುಲಗಳಲ್ಲಿ ವಾಹಕರ ಪ್ರಮಾಣ ಹೆಚ್ಚು. ಬೆಂಗಳೂರು, ಹುಬ್ಬಳ್ಳಿಯಲ್ಲಿ ನೆಲೆಸಿದ ಗುಜರಾತಿ ಕುಟುಂಬಗಳು ಇದನ್ನು ಗಮನಿಸಬೇಕು. ಒಂದೇ ಬಳಗದೊಳಗೆ ಹೆಣ್ಣುಗಂಡು ಕೊಟ್ಟು ತರುವ ರೂಢಿ ಇರುವಲ್ಲೆಲ್ಲ, ಮೂಲ ಯಾವುದೇ ಇರಲಿ, ಪರೀಕ್ಷೆಗೆ ಅರ್ಥವಿದೆ. ಜಾತಕ ಕೂಡಿಸುವಾಗ ಒಂದು ರಕ್ತದ ವರದಿಯನ್ನೂ ಕೂಡಿಸಿದರೆ ಖರ್ಚೂ ಹೆಚ್ಚಿಲ್ಲ. ಕೋಲ್ ಇಂಡಿಯಾದ ನೆರವಿನಿಂದ ನಡೆಯುವ ‘ಥಲಸ್ಸೇಮಿಯಾ ಬಾಲ ಸೇವಾ ಯೋಜನೆ’ಯಲ್ಲಿ ಅರ್ಹ ಕುಟುಂಬದ ಮಗುವಿನ ಕಸಿಗೆ 10 ಲಕ್ಷ ರೂಪಾಯಿವರೆಗೆ ಸಹಾಯ ಸಿಗುತ್ತದೆ. ಹೊಂದುವ ಅಣ್ಣ ತಮ್ಮ, ಅಕ್ಕ ತಂಗಿ ಇರುವ ಮನೆಗಳು ಇದನ್ನು ವಿಚಾರಿಸಬೇಕು.

ಯಾವಾಗ, ಯಾರು, ಹೇಗೆ ಹೇಳಬೇಕು

ಹೆರಿಗೆ ನೋವು ಶುರುವಾದ ಮೇಲೆ ಹಾಕಿಸುವ ಸಹಿಗೆ ಒಪ್ಪಿಗೆ ಎನ್ನಲಾಗದು. ನೋವಿನ ನಡುವೆ ಓದುವುದೂ ಇಲ್ಲ, ಕೇಳುವುದೂ ಇಲ್ಲ, ಬೇಡ ಎನ್ನುವ ಧೈರ್ಯವೂ ಇರದು. ಐದನೇ ತಿಂಗಳಿಂದ ಏಳನೇ ತಿಂಗಳೊಳಗೆ, ಮಾಮೂಲಿ ತಪಾಸಣೆಗೆ ಹೋದಾಗ ಈ ಮಾತು ಆಗಬೇಕು. ಮನೆಗೆ ಹೋಗಿ ಯೋಚಿಸಿ, ಮುಂದಿನ ಭೇಟಿಯಲ್ಲಿ ಮತ್ತೆ ಕೇಳಲು ಆಗ ಸಮಯವಿರುತ್ತದೆ. ತವರಿಗೆ ಹೋಗಿ ಹೆರುವ ರೂಢಿಯಿರುವ ಮನೆಗಳಲ್ಲಿ ಇನ್ನೊಂದು ತೊಡಕುಂಟು. ತಪಾಸಣೆ ಒಂದು ಊರಲ್ಲಿ, ಹೆರಿಗೆ ಇನ್ನೊಂದು ಊರಲ್ಲಿ. ಮೊದಲ ವೈದ್ಯರಿಗೆ ಹೇಳಿದ್ದು ಎರಡನೆಯವರಿಗೆ ತಲುಪುವುದಿಲ್ಲ. ಬರೆದ ಚೀಟಿಯೊಂದು ಜೊತೆಗಿರಬೇಕು.

ಒಪ್ಪಿಗೆ ಕೊಡಬೇಕಾದವಳು ತಾಯಿ. ಅತ್ತೆ, ಗಂಡ, ತವರಿನವರು ಎಲ್ಲರೂ ಸೇರಿ ಮಾತಾಡುವುದು ನಮ್ಮ ಮನೆಗಳಲ್ಲಿ ಸಹಜ, ಬೇಡವೆನ್ನುವಂಥದ್ದೂ ಅಲ್ಲ. ಆದರೆ ಪರೀಕ್ಷೆಯಾಗುವುದು ಅವಳ ರಕ್ತ, ಕೇಳುವುದು ಅವಳ ಆರೋಗ್ಯದ ಗುಟ್ಟುಗಳನ್ನು. ಮಗುವಿನ ರಕ್ತದ ಪರೀಕ್ಷೆಯಲ್ಲಿ ಯಾವುದಾದರೂ ದೋಷ ಕಂಡರೆ ತಿಳಿಸುತ್ತಾರೆಯೇ, ಕಸಿಗೆ ಆಗದ ರಕ್ತವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಬೇರೆಯಾಗಿ ಕೇಳುತ್ತಾರೆಯೇ, ಬೇಡವೆಂದರೆ ಹೆರಿಗೆಯ ಆರೈಕೆಯಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂಬುದನ್ನು ಅವಳಿಗೆ ಅವಳ ಭಾಷೆಯಲ್ಲೇ ಹೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ ಆಗಿರಬೇಕು.

ಹೇಳುವವರು ಮಾರುವವರಾಗಿರಬಾರದು. ಭಾರತದಲ್ಲಿ ಹೊಕ್ಕುಳಬಳ್ಳಿ ರಕ್ತ ಬ್ಯಾಂಕ್ ನಡೆಸಲು ಔಷಧ ನಿಯಂತ್ರಣ ಕಾನೂನಿನಡಿ ಪರವಾನಗಿ ಕಡ್ಡಾಯ. ಆ ಪರವಾನಗಿ ಇದೆಯೇ ಎಂದು ಕೇಳುವುದು ಮೊದಲ ಪ್ರಶ್ನೆ. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದು 2002ರ ವೈದ್ಯಕೀಯ ವೃತ್ತಿ ನಿಯಮಗಳ ಪ್ರಕಾರ ನಿಷಿದ್ಧ. ಆದ್ದರಿಂದ ‘ಈ ಬ್ಯಾಂಕಿನೊಂದಿಗೆ ಆಸ್ಪತ್ರೆಗೆ ಹಣದ ಸಂಬಂಧ ಇದೆಯೇ’ ಎಂದು ಕೇಳಿದರೆ ಅದು ಅವಿನಯವಲ್ಲ.

ಬೇರೆ ದೇಶಗಳು ಇದನ್ನು ಕಾನೂನಿಗೇ ತಂದಿವೆ. ಅಮೆರಿಕದ ಹಲವು ರಾಜ್ಯಗಳು ಗರ್ಭಿಣಿಗೆ ದಾನ, ಖಾಸಗಿ ಸಂಗ್ರಹ, ಕುಟುಂಬಕ್ಕಾಗಿ ಸಂಗ್ರಹ, ಏನೂ ಮಾಡದೆ ಬಿಡುವುದು ಎಂಬ ಎಲ್ಲ ಆಯ್ಕೆಗಳ ಮಾಹಿತಿ ಸಿಗಲಿ ಎಂದು ನಿಯಮ ಮಾಡಿವೆ. ಫ್ರಾನ್ಸ್ ಇನ್ನೂ ಮುಂದೆ ಹೋಗಿ, 2011ರ ಜೈವಿಕ ನೀತಿ ಕಾನೂನಿನಲ್ಲಿ ಅನಾಮಧೇಯ ದಾನಕ್ಕೂ, ವೈದ್ಯಕೀಯ ಅಗತ್ಯ ಸಾಬೀತಾದ ಕುಟುಂಬಕ್ಕೂ ಮಾತ್ರ ಅವಕಾಶ ಕೊಟ್ಟಿತು. ‘ಏನೂ ಮಾಡದೆ ಬಿಡುವುದು’ ಎಂಬುದೂ ಒಂದು ಗೌರವದ ಆಯ್ಕೆ ಎಂದು ಅಮೆರಿಕದ ಪಟ್ಟಿಯಲ್ಲಿ ಸೇರಿರುವುದು ಗಮನಿಸುವಂಥದ್ದು. ಲಕ್ಷ ರೂಪಾಯಿ ಕಟ್ಟಲಾಗದ್ದಕ್ಕೆ ಮಗುವಿಗೆ ಅನ್ಯಾಯ ಮಾಡಿದೆವೇ ಎಂದು ಕೊರಗುವ ತಾಯಂದಿರಿಗೆ ಅದು ತಿಳಿಯಬೇಕು.

ಜೈನ ಮನೆಗಳಲ್ಲಿ ಬರುವ ಪ್ರಶ್ನೆಗಳು

ಮೊದಲನೆಯದು ಹಿಂಸೆಯ ಪ್ರಶ್ನೆ. ಸ್ಟೆಮ್ ಸೆಲ್ ಎಂದೊಡನೆ ಭ್ರೂಣವನ್ನು ನಾಶಮಾಡಿ ತೆಗೆಯುವ ಕೋಶಗಳ ಸುದ್ದಿ ನೆನಪಾಗುವುದುಂಟು. ಅದು ಬೇರೆ, ಇದು ಬೇರೆ. ಹೊಕ್ಕುಳಬಳ್ಳಿಯ ರಕ್ತ ಸಿಗುವುದು ಮಗು ಸುರಕ್ಷಿತವಾಗಿ ಹುಟ್ಟಿ, ಬಳ್ಳಿಯಿಂದ ಬೇರೆಯಾದ ಮೇಲೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನದ ಸಾಲಿಗೆ ಇದನ್ನು ಹೋಲಿಸಬಹುದು. ಇಟ್ಟ ರಕ್ತದಲ್ಲಿ ಜೀವದ ವಿಚಾರ ಹೇಗೆ ಎಂಬಂಥ ಸೂಕ್ಷ್ಮ ಸಂದೇಹಗಳಿದ್ದವರು ತಮ್ಮ ಗುರುಗಳಲ್ಲಿ ಕೇಳಿ ತಿಳಿಯುವುದು ಸರಿ.

ಇನ್ನೊಂದು ಪ್ರಶ್ನೆ ಅಜ್ಜಿಯರದು. ಒಣಗಿ ಬಿದ್ದ ಹೊಕ್ಕುಳನ್ನು ಜೋಪಾನ ಮಾಡುವ ಅಥವಾ ಹೂಳುವ ಪದ್ಧತಿ ಕೆಲವು ಮನೆಗಳಲ್ಲಿದೆ. ರಕ್ತ ಸಂಗ್ರಹಿಸಿದರೂ ಮಗುವಿನ ಹೊಟ್ಟೆಯ ಬಳಿ ಉಳಿಯುವ ತುಂಡು ಹಾಗೇ ಇರುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಪದ್ಧತಿಗೆ ಅಡ್ಡಿಯಿಲ್ಲ.

ಮೂರನೆಯದು, ನಮ್ಮವರ ರಕ್ತ ನಮ್ಮವರಿಗೇ ಹೊಂದುತ್ತದೆಯೇ ಎಂಬುದು. ಎಚ್‌ಎಲ್‌ಎ ವಂಶವನ್ನು ಹಿಂಬಾಲಿಸುತ್ತದೆ, ಧರ್ಮವನ್ನಲ್ಲ. ಬೆಳಗಾವಿ ಕಡೆಯ ಕನ್ನಡ ಜೈನರಿಗೂ, ತುಳುನಾಡಿನ ಜೈನರಿಗೂ, ಚಿಕ್ಕಪೇಟೆಯ ಮಾರವಾಡಿ ಜೈನರಿಗೂ ಬಸದಿ ಒಂದೇ ಇರಬಹುದು, ವಂಶದ ಮೂಲ ಬೇರೆ ಬೇರೆ. ಬೆಳಗಾವಿಯ ಜೈನ ಮಗುವಿಗೆ ಹತ್ತಿರದ ಹೊಂದಿಕೆ ಅದೇ ಸೀಮೆಯ ಬೇರೆ ಸಮಾಜದ ದಾನಿಯಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಯುರೋಪ್ ಅಮೆರಿಕದ ಪಟ್ಟಿಗಳಲ್ಲಿ ಭಾರತೀಯ ಮೂಲದ ದಾನಿಗಳು ಕಡಿಮೆಯಿರುವುದರಿಂದ, ಇಲ್ಲಿಯವರು ಎಷ್ಟು ಹೆಚ್ಚು ಬಗೆಯವರು ದಾನಕ್ಕೆ ಬಂದರೆ ಇಲ್ಲಿಯ ರೋಗಿಗೆ ಅಷ್ಟು ಅವಕಾಶ.

ಕರ್ನಾಟಕದಲ್ಲಿ ದಾನ ಮಾಡಬಯಸಿದರೆ

ಮನಸ್ಸಿದ್ದರೂ ದಾನ ಎಲ್ಲ ಊರಿನಲ್ಲೂ ಸಾಧ್ಯವಿಲ್ಲ ಎಂಬುದು ನಿಜ ಸ್ಥಿತಿ. ಭಾರತದಲ್ಲಿ ಸಾರ್ವಜನಿಕ ಹೊಕ್ಕುಳಬಳ್ಳಿ ರಕ್ತ ಬ್ಯಾಂಕ್‌ಗಳು ಬೆರಳೆಣಿಕೆಯವು. ಒಂದೊಂದು ಘಟಕವನ್ನು ಪರೀಕ್ಷಿಸಿ ವರ್ಷಗಟ್ಟಲೆ ಕಾಪಾಡಲು ದೊಡ್ಡ ಖರ್ಚು ಬರುತ್ತದೆ, ಆ ಖರ್ಚನ್ನು ದಾನಿಯಿಂದ ಪಡೆಯುವಂತಿಲ್ಲ. ಹೀಗಾಗಿ ಅವು ತಮ್ಮೊಡನೆ ಒಪ್ಪಂದವಿರುವ, ಸಿಬ್ಬಂದಿಗೆ ತರಬೇತಿ ಕೊಟ್ಟಿರುವ ಆಸ್ಪತ್ರೆಗಳಿಂದ ಮಾತ್ರ ರಕ್ತ ಪಡೆಯುತ್ತವೆ. ಏಳನೇ ತಿಂಗಳೊಳಗೆ ಹೆರಿಗೆ ಆಸ್ಪತ್ರೆಯಲ್ಲಿ ‘ಇಲ್ಲಿಂದ ಸಾರ್ವಜನಿಕ ಬ್ಯಾಂಕಿಗೆ ದಾನ ಸಾಧ್ಯವೇ’ ಎಂದು ಕೇಳಬೇಕು. ಉತ್ತರ ‘ಖಾಸಗಿ ಇದೆ, ಅದೇ ದಾನ’ ಎಂದು ಬಂದರೆ ಅದು ಉತ್ತರವಲ್ಲ. ಅವಳಿ ಬಸಿರು, ಅವಧಿಪೂರ್ವ ಹೆರಿಗೆ, ಸೋಂಕು ಇರುವಾಗ ಸಾಮಾನ್ಯವಾಗಿ ದಾನ ಸ್ವೀಕರಿಸುವುದಿಲ್ಲ.

ಸಾಧ್ಯವಿಲ್ಲ ಎಂದಾದರೆ ಅದೇ ರೋಗಿಗಳಿಗೆ ನೆರವಾಗುವ ಇನ್ನೊಂದು ದಾರಿ ಬೆಂಗಳೂರಿನಲ್ಲೇ ಇದೆ. ಡಿಕೆಎಂಎಸ್ ಫೌಂಡೇಶನ್ ಮತ್ತು ಚೆನ್ನೈ ಮೂಲದ ದಾತ್ರಿ ಸಂಸ್ಥೆಗಳು ಆಕರ ಕೋಶ ದಾನಿಗಳ ಪಟ್ಟಿ ನಡೆಸುತ್ತವೆ. 18 ವರ್ಷ ತುಂಬಿದ ಆರೋಗ್ಯವಂತರು ಒಂದು ಅರ್ಜಿ ತುಂಬಿ, ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ನೋಂದಣಿಯಾಗುತ್ತದೆ. ಯಾರಿಗಾದರೂ ಹೊಂದಿದಾಗ ಮಾತ್ರ ಕರೆ ಬರುತ್ತದೆ. ಆಗ ಹೆಚ್ಚಿನವರಿಂದ ಪ್ಲೇಟ್‌ಲೆಟ್ ದಾನದಂತೆ ತೋಳಿನ ನರದಿಂದಲೇ ಕೋಶಗಳನ್ನು ಪಡೆಯುತ್ತಾರೆ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರಿಂದ ಆ ಅವಧಿಯಲ್ಲಿ ಕೋಶ ಪಡೆಯುವುದಿಲ್ಲ. ಮಗುವಿನ ತಂದೆ, ಚಿಕ್ಕಪ್ಪ, ಸೋದರಮಾವ, ಕಾಲೇಜಿಗೆ ಹೋಗುವ ಅತ್ತಿಗೆ ನಾದಿನಿಯರು ಅಷ್ಟರಲ್ಲಿ ನೋಂದಾಯಿಸಿಕೊಳ್ಳಬಹುದು.